ಶೇಷದ ಲೆಕ್ಕದಲ್ಲಿ ಸಿ(ಎನ್, ಕೆ): 12ರವರೆಗೆ ಸರಿ, 13ರಿಂದ ಎಲ್ಲವೂ ತಪ್ಪು

#1 ಅಂಕಿಅಲೆಮಾರಿ

ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ ಒಂದೇ ಪ್ರೋಗ್ರಾಂ ಹಿಡಿದು ಕುಳಿತಿದ್ದೇನೆ, ತಾಳ್ಮೆ ಮುಗಿಯುತ್ತ ಬಂದಿದೆ. ಎನ್ ವಸ್ತುಗಳಿಂದ ಕೆ ವಸ್ತುಗಳನ್ನು ಆರಿಸುವ ವಿಧಾನಗಳ ಸಂಖ್ಯೆಯನ್ನು, ಅಂದರೆ ಸಿ(ಎನ್, ಕೆ) ಎಂಬ ವಿಕಲ್ಪದ ಬೆಲೆಯನ್ನು, ಮಾಡ್ಯುಲರ್ ಅಂಕಗಣಿತದಲ್ಲಿ, ಅಂದರೆ ಪ್ರತಿ ಸಂಖ್ಯೆಯನ್ನೂ ಮಾಡ್ಯುಲಸ್ (ಎಮ್) ಎಂಬ ನಿಗದಿತ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಇಟ್ಟುಕೊಂಡು, ಕಂಡುಹಿಡಿಯಬೇಕಾಗಿದೆ. ಸೂತ್ರ ಎಲ್ಲರಿಗೂ ತಿಳಿದದ್ದೇ: ಎನ್ ಫ್ಯಾಕ್ಟೋರಿಯಲ್ ಅನ್ನು (1ರಿಂದ ಎನ್‌ವರೆಗಿನ ಪೂರ್ಣಾಂಕಗಳ ಗುಣಲಬ್ಧ, ಎನ್! ಎಂದು ಬರೆಯುವುದು), ಕೆ ಫ್ಯಾಕ್ಟೋರಿಯಲ್ ಮತ್ತು (ಎನ್ − ಕೆ) ಫ್ಯಾಕ್ಟೋರಿಯಲ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ಪ್ರತಿ ಹಂತದಲ್ಲೂ ಶೇಷ ತೆಗೆದುಕೊಳ್ಳುತ್ತಿದ್ದೇನೆ, ಒಂದು ಹಂತವನ್ನೂ ಬಿಟ್ಟಿಲ್ಲ.

ಎನ್ 12 ಆಗುವವರೆಗೆ ಉತ್ತರಗಳೆಲ್ಲವೂ ಕೈಲೆಕ್ಕದೊಂದಿಗೆ ತಾಳೆಯಾಗುತ್ತವೆ. ಸಿ(12, 6) ಕೇಳಿದರೆ 924 ಎಂದೇ ಬರುತ್ತದೆ. 13ಕ್ಕೆ ಕಾಲಿಟ್ಟೊಡನೆ ಲೆಕ್ಕ ಕೆಡುತ್ತದೆ, ಮುಂದೆ ಎಲ್ಲಿಯೂ ಸರಿಹೋಗುವುದಿಲ್ಲ. ಕೂಡುವ ಮತ್ತು ಗುಣಿಸುವ ಭಾಗಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದೆ, ಅವುಗಳಲ್ಲಿ ದೋಷ ಕಾಣಲಿಲ್ಲ. ಶೇಷದ ನಿಯಮಗಳನ್ನು ಪಾಲಿಸಿದರೂ ಹೀಗೇಕಾಗುತ್ತದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

#2 ಬಿಟ್‌ಬೈಟ್

12 ಮತ್ತು 13ರ ನಡುವಿನ ಗಡಿಯೇ ಎಲ್ಲವನ್ನೂ ಹೇಳುತ್ತಿದೆ. 12 ಫ್ಯಾಕ್ಟೋರಿಯಲ್ 479001600. ಚಿಹ್ನೆಸಹಿತ 32 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ 2147483647. 13 ಫ್ಯಾಕ್ಟೋರಿಯಲ್ 6227020800 ಆದ್ದರಿಂದ ಅದು ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಇದು ಓವರ್‌ಫ್ಲೋ ಸಮಸ್ಯೆಯೇ, ಬೇರೆ ಯೋಚನೆ ಬೇಡ. ಚರಾಕ್ಷರಗಳನ್ನು 64 ಬಿಟ್‌ಗೆ ಬದಲಾಯಿಸಿ, ಕೆಲಸ ಮುಗಿಯುತ್ತದೆ.

#3 ಅಂಕಿಅಲೆಮಾರಿ

ಮೊದಲ ದಿನದಿಂದಲೂ ನಾನು 64 ಬಿಟ್ ಪೂರ್ಣಾಂಕಗಳನ್ನೇ ಬಳಸುತ್ತಿದ್ದೇನೆ. ಅದನ್ನು ಬೇರೆಯಾಗಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

#4 ಬಿಟ್‌ಬೈಟ್

64 ಬಿಟ್ ಎಂದು ಘೋಷಿಸಿದ ಮಾತ್ರಕ್ಕೆ ಗುಣಾಕಾರವೂ 64 ಬಿಟ್‌ನಲ್ಲಿಯೇ ನಡೆಯುತ್ತದೆ ಎಂದಲ್ಲ. ಸಿ, ಜಾವಾ ಮುಂತಾದ ಭಾಷೆಗಳಲ್ಲಿ 32 ಬಿಟ್‌ನ ಎರಡು ಸಂಖ್ಯೆಗಳನ್ನು ಗುಣಿಸಿದಾಗ ಗುಣಲಬ್ಧವೂ 32 ಬಿಟ್‌ನಲ್ಲಿಯೇ ಸಿದ್ಧವಾಗಿ, ಮೇಲಿನ ಬಿಟ್‌ಗಳು ಅಲ್ಲಿಯೇ ಕಳೆದುಹೋದ ಮೇಲೆ 64 ಬಿಟ್ ಪೆಟ್ಟಿಗೆಗೆ ಬಂದು ಸೇರುತ್ತದೆ. ನಿಮ್ಮ ಲೂಪ್‌ನ ಎಣಿಕೆಯ ಚರಾಕ್ಷರ 32 ಬಿಟ್ ಇರಬಹುದು. ಇಂಥ ತಪ್ಪನ್ನು ನಾನು ಹತ್ತಾರು ಬಾರಿ ನೋಡಿದ್ದೇನೆ.

#5 ರಾತ್ರಿಪಾಳಿ

ನನಗೆ ಬೇರೆಯೇ ಅನುಮಾನವಿದೆ. ಶೇಷ ಋಣವಾಗುತ್ತಿದೆಯೇ ಎಂದು ನೋಡಿದ್ದೀರಾ? ಕೆಲವು ಭಾಷೆಗಳಲ್ಲಿ −7 % 3, ಅಂದರೆ −7ನ್ನು 3ರಿಂದ ಭಾಗಿಸಿದ ಶೇಷ, −1 ಬರುತ್ತದೆ, ಗಣಿತದ ಪ್ರಕಾರ ಬರಬೇಕಾದದ್ದು 2. ಒಮ್ಮೆ ಋಣಸಂಖ್ಯೆ ಒಳಗೆ ನುಸುಳಿದರೆ ಮುಂದಿನ ಲೆಕ್ಕಗಳೆಲ್ಲ ಹಾಳಾಗುತ್ತವೆ. ಪ್ರತಿ ಶೇಷಕ್ಕೂ ಮಾಡ್ಯುಲಸ್ ಕೂಡಿಸಿ ಇನ್ನೊಮ್ಮೆ ಶೇಷ ತೆಗೆದರೆ ಈ ತೊಂದರೆ ಇರುವುದಿಲ್ಲ.

#6 ಹಳೆಕಂಪೈಲರ್

ರಾತ್ರಿಪಾಳಿಯವರೇ, "ಬರಬೇಕಾದದ್ದು 2" ಎಂದು ಅಷ್ಟು ಖಚಿತವಾಗಿ ಹೇಳುವುದು ಸರಿಯಲ್ಲ. ಭಾಜ್ಯವು ಭಾಜಕ ಮತ್ತು ಭಾಗಲಬ್ಧಗಳ ಗುಣಲಬ್ಧಕ್ಕೆ ಶೇಷವನ್ನು ಕೂಡಿಸಿದಷ್ಟಿರಬೇಕು ಎಂಬುದೊಂದೇ ಮೂಲ ನಿಯಮ. ಭಾಗಲಬ್ಧವನ್ನು ಸೊನ್ನೆಯ ಕಡೆಗೆ ಕತ್ತರಿಸಿ −2 ಎಂದುಕೊಂಡರೆ ಶೇಷ −1, ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ −3 ಎಂದುಕೊಂಡರೆ ಶೇಷ 2. ಸಿ ಭಾಷೆಯು 1999ರ ಮಾನಕದಲ್ಲಿ ಮೊದಲನೆಯ ಕ್ರಮವನ್ನು ನಿಗದಿಪಡಿಸಿತು, ಪೈಥಾನ್ ಎರಡನೆಯದನ್ನು ಪಾಲಿಸುತ್ತದೆ. ಎರಡೂ ತಮ್ಮ ನಿಯಮಕ್ಕೆ ಬದ್ಧವಾಗಿವೆ.

#7 ರಾತ್ರಿಪಾಳಿ

ನಿಯಮಕ್ಕೆ ಬದ್ಧವಾಗಿದ್ದರೂ ಶೇಷವರ್ಗವನ್ನು ಪ್ರತಿನಿಧಿಸಲು 0ಯಿಂದ ಮಾಡ್ಯುಲಸ್‌ಗಿಂತ ಒಂದು ಕಡಿಮೆಯವರೆಗಿನ ಸಂಖ್ಯೆಗಳನ್ನು ಬಳಸುವುದೇ ರೂಢಿ. ಎರಡು ಸಂಖ್ಯೆಗಳು ಒಂದೇ ವರ್ಗಕ್ಕೆ ಸೇರಿವೆಯೇ ಎಂದು ಹೋಲಿಸುವಾಗ −1 ಮತ್ತು 2 ಬೇರೆಬೇರೆಯಾಗಿ ಕಂಡರೆ ಆ ಹೋಲಿಕೆಯೇ ವ್ಯರ್ಥ. ನಾನು ಹೇಳಿದ್ದು ಅಷ್ಟೇ.

#8 ಅಂಕಿಅಲೆಮಾರಿ

ದಯವಿಟ್ಟು ಗಮನಿಸಿ: ನನ್ನ ಪ್ರೋಗ್ರಾಂನಲ್ಲಿ ಫ್ಯಾಕ್ಟೋರಿಯಲ್‌ಗಳ ಮೇಲೆ ನಡೆಯುವ ವ್ಯವಕಲನವೇ ಇಲ್ಲ. ಋಣಸಂಖ್ಯೆ ಎಲ್ಲಿಂದಲೂ ಬರಲು ಸಾಧ್ಯವಿಲ್ಲ. ಲೂಪ್‌ನ ಚರಾಕ್ಷರವನ್ನೂ 64 ಬಿಟ್‌ಗೆ ಬದಲಾಯಿಸಿ ನೋಡಿದೆ, ಉತ್ತರ ಒಂದಿಷ್ಟೂ ಬದಲಾಗಲಿಲ್ಲ.

#9 ಬಿಟ್‌ಬೈಟ್

ಹಾಗಾದರೆ ಮುದ್ರಿಸುವ ಸೂಚನೆಯನ್ನು ನೋಡಿ. ಬೆಲೆ 64 ಬಿಟ್‌ನಲ್ಲಿ ಸರಿಯಾಗಿಯೇ ಇದ್ದು, ತೋರಿಸುವಾಗ 32 ಬಿಟ್ ಎಂದು ಓದಿಸಿದರೆ ಹೀಗಾಗುತ್ತದೆ. ಸಮಸ್ಯೆ ಸರಿಯಾಗಿ 13ರಲ್ಲಿಯೇ ಪ್ರಾರಂಭವಾಗುವುದು ಕಾಕತಾಳೀಯವಾಗಿರಲು ಸಾಧ್ಯವಿಲ್ಲ. ಆ ಗಡಿಗೆ ಓವರ್‌ಫ್ಲೋ ಅಲ್ಲದೆ ಬೇರೆ ವಿವರಣೆ ನನಗಂತೂ ತೋಚುವುದಿಲ್ಲ.

#10 ಗುಣಲಬ್ಧ

ಊಹೆಗಳು ಸಾಕಷ್ಟಾಗಿವೆ. ಅಂಕಿಅಲೆಮಾರಿಯವರೇ, "ತಪ್ಪು ಬರುತ್ತದೆ" ಎಂದಷ್ಟೇ ಹೇಳಿದ್ದೀರಿ, ತಪ್ಪಾಗಿ ಬಂದ ಸಂಖ್ಯೆ ಯಾವುದು ಎಂದು ಹೇಳಿಲ್ಲ. ಇಂಥ ಲೆಕ್ಕಗಳಲ್ಲಿ ತಪ್ಪು ಉತ್ತರದೊಳಗೇ ಕಾರಣದ ಗುರುತು ಉಳಿದಿರುತ್ತದೆ. ಸಿ(13, 6) ಕೇಳಿದಾಗ ಏನು ಬರುತ್ತದೆ ಎಂಬುದನ್ನೂ, ಭಾಗಿಸುವ ಸಾಲನ್ನೂ ಇಲ್ಲಿ ಹಾಕಿ.

#11 ಅಂಕಿಅಲೆಮಾರಿ

ಸಿ(13, 6)ಕ್ಕೆ 1716 ಬರಬೇಕು, 62 ಬರುತ್ತಿದೆ. ಸಾಲು ಹೀಗಿದೆ:

ಉತ್ತರ = ಫ್ಯಾಕ್ಟ್[ಎನ್] / (ಫ್ಯಾಕ್ಟ್[ಕೆ] * ಫ್ಯಾಕ್ಟ್[ಎನ್ − ಕೆ] % ಎಮ್)

ಫ್ಯಾಕ್ಟ್ ಎಂಬ ಕೋಷ್ಟಕದಲ್ಲಿ ಪ್ರತಿ ಫ್ಯಾಕ್ಟೋರಿಯಲ್‌ನ ಶೇಷವಿದೆ. ಇದರಲ್ಲಿ ತಪ್ಪೇನಿದೆಯೋ ನನಗೆ ಕಾಣುತ್ತಿಲ್ಲ.

#12 ಗುಣಲಬ್ಧ

ತಪ್ಪು ಸಿಕ್ಕಿತು, ಆದರೆ ಮೊದಲು ಓವರ್‌ಫ್ಲೋ ವಾದವನ್ನು ತೀರ್ಮಾನಿಸೋಣ. 32 ಬಿಟ್‌ನಲ್ಲಿ ಉಕ್ಕಿ ಹರಿದಿದ್ದರೆ 6227020800ರಿಂದ 4294967296 ಕಳೆದು 1932053504 ಉಳಿಯುತ್ತಿತ್ತು. ಅದನ್ನು 6! × 7!, ಅಂದರೆ 3628800ರಿಂದ ಭಾಗಿಸಿದ್ದರೆ 532 ಬರುತ್ತಿತ್ತು. ಬಂದಿರುವುದು 62. ಆದ್ದರಿಂದ ಬಿಟ್‌ಗಳು ಕಳೆದುಹೋಗಿಲ್ಲ, ಫ್ಯಾಕ್ಟೋರಿಯಲ್‌ನ ಶೇಷ ಸರಿಯಾಗಿಯೇ ಇದೆ. ನೂರು ಕೋಟಿಯ ಆಸುಪಾಸಿನ ಮಾಡ್ಯುಲಸ್‌ಗೆ 13! ಬಿಡುವ ಶೇಷ 22.7 ಕೋಟಿಯಷ್ಟು. ಅದನ್ನು 3628800ರಿಂದ ಭಾಗಿಸಿದರೆ ಭಾಗಲಬ್ಧ 62. ಗಡಿ 13ರಲ್ಲಿಯೇ ಬಂದುದಕ್ಕೆ ಕಾರಣವೂ ಇದೇ: 12 ಫ್ಯಾಕ್ಟೋರಿಯಲ್ ಮಾಡ್ಯುಲಸ್‌ಗಿಂತ ಚಿಕ್ಕದು, ಆದ್ದರಿಂದ ಅಲ್ಲಿಯವರೆಗೆ ಶೇಷ ತೆಗೆಯುವ ಕ್ರಿಯೆ ಏನನ್ನೂ ಬದಲಾಯಿಸಿರಲಿಲ್ಲ, ನೀವು ಮಾಡುತ್ತಿದ್ದುದು ಮಾಮೂಲಿ ಭಾಗಾಕಾರವೇ ಆಗಿತ್ತು. ಬಿಟ್‌ಬೈಟ್ ಅವರು ತೋರಿಸಿದ ಗಡಿಯೂ ಈ ಗಡಿಯೂ ಒಂದೇ ಕಡೆ ಬಿದ್ದಿವೆ, ಆದರೆ ಕಾರಣಗಳು ಬೇರೆ.

ಈಗ ಮೂಲ ವಿಷಯ. ಎರಡು ಸಂಖ್ಯೆಗಳ ಬದಲಿಗೆ ಅವುಗಳ ಶೇಷಗಳನ್ನು ಇಟ್ಟುಕೊಂಡು ಕೂಡಿಸಬಹುದು, ಕಳೆಯಬಹುದು, ಗುಣಿಸಬಹುದು. ಏಕೆಂದರೆ ಒಂದು ಸಂಖ್ಯೆಗೆ ಮಾಡ್ಯುಲಸ್‌ನ ಎಷ್ಟು ಪಟ್ಟು ಸೇರಿಸಿದರೂ ಮೊತ್ತಕ್ಕೋ ಗುಣಲಬ್ಧಕ್ಕೋ ಸೇರುವುದು ಮತ್ತೆ ಮಾಡ್ಯುಲಸ್‌ನ ಪಟ್ಟುಗಳೇ, ಶೇಷ ತೆಗೆದಾಗ ಅವು ಅಳಿಸಿಹೋಗುತ್ತವೆ. ಭಾಗಾಕಾರಕ್ಕೆ ಈ ಸೌಲಭ್ಯವಿಲ್ಲ. ಮಾಡ್ಯುಲಸ್ 7 ಎಂದಿಟ್ಟುಕೊಂಡು 15 ÷ 3 ನೋಡಿ, ಉತ್ತರ 5. ಆದರೆ 15ರ ಶೇಷ 1, ಮತ್ತು 1ನ್ನು 3ರಿಂದ ಭಾಗಿಸಿದರೆ ಪೂರ್ಣಾಂಕ ಭಾಗಲಬ್ಧ 0. ನಿಮ್ಮ ಸಾಲು ಮಾಡುತ್ತಿರುವುದು ಇದನ್ನೇ.

ಶೇಷಗಳ ಲೋಕದಲ್ಲಿ 3ರಿಂದ ಭಾಗಿಸುವುದೆಂದರೆ 3ರ ಗುಣಾಕಾರ ವಿಲೋಮದಿಂದ ಗುಣಿಸುವುದು. 3 × 5 = 15, ಅದರ ಶೇಷ 1, ಆದ್ದರಿಂದ ಮಾಡ್ಯುಲಸ್ 7ರಲ್ಲಿ 3ರ ವಿಲೋಮ 5. ಈಗ 15ರ ಶೇಷವಾದ 1ನ್ನು 5ರಿಂದ ಗುಣಿಸಿ, 5 ದೊರೆಯುತ್ತದೆ. ದೊಡ್ಡ ಮಾಡ್ಯುಲಸ್‌ಗೆ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ತಿಳಿಸಿದ ಕಿರು ಪ್ರಮೇಯ ನೆರವಾಗುತ್ತದೆ. ಅದರಂತೆ ಒಂದು ಸಂಖ್ಯೆಯನ್ನು (ಎಮ್ − 2)ರ ಘಾತಕ್ಕೆ ಏರಿಸಿ ಶೇಷ ತೆಗೆದರೆ ಅದರ ವಿಲೋಮ ಸಿಗುತ್ತದೆ. ಘಾತವನ್ನು ವರ್ಗ ಮಾಡುತ್ತ ಹೋಗುವ ಕ್ರಮದಲ್ಲಿ ಲೆಕ್ಕ ಹಾಕಿದರೆ ಸುಮಾರು 30 ಸುತ್ತುಗಳಲ್ಲಿ ಮುಗಿಯುತ್ತದೆ. ಭಾಗಿಸುವ ಸಾಲನ್ನು ಇದಕ್ಕೆ ಬದಲಾಯಿಸಿ.

#13 ಅಂಕಿಅಲೆಮಾರಿ

ಬದಲಾಯಿಸಿದೆ. ಪರಿಸ್ಥಿತಿ ಮೊದಲಿಗಿಂತ ಕೆಟ್ಟಿದೆ. ಮೊದಲು 12ರವರೆಗಾದರೂ ಸರಿ ಇತ್ತು, ಈಗ ಸಿ(4, 2) ಕೂಡ ತಪ್ಪು. 6 ಬರಬೇಕಾದಲ್ಲಿ 680664064 ಬರುತ್ತಿದೆ. ನಾಲ್ಕರಲ್ಲಿ ಎರಡನ್ನು ಆರಿಸುವ ಲೆಕ್ಕ ಹೀಗಾದರೆ ಇನ್ನು ಯಾವುದನ್ನು ನಂಬಲಿ? ನಾಲ್ಕನೆಯ ದಿನವೂ ಹೀಗೇ ಮುಗಿಯುತ್ತಿದೆ.

#14 ಹಳೆಕಂಪೈಲರ್

ಘಾತ ಏರಿಸುವ ನಿಮ್ಮ ಫಂಕ್ಷನ್‌ನಲ್ಲಿ ದೋಷವಿರಬೇಕು. ಘಾತಸೂಚಿಯನ್ನೂ ಮಾಡ್ಯುಲಸ್‌ನಿಂದ ಭಾಗಿಸಿ ಶೇಷ ತೆಗೆಯುವ ತಪ್ಪನ್ನು ಹಲವರು ಮಾಡುತ್ತಾರೆ. ಮಾಡ್ಯುಲಸ್ 7ರಲ್ಲಿ 2ರ ಹತ್ತನೇ ಘಾತ 1024, ಶೇಷ 2. ಹತ್ತರ ಬದಲಿಗೆ ಅದರ ಶೇಷವಾದ 3ನ್ನು ಘಾತವಾಗಿಟ್ಟರೆ 8, ಶೇಷ 1. ಎರಡೂ ಒಂದೇ ಅಲ್ಲ. ಘಾತಸೂಚಿಯ ಸುತ್ತು 7ರದ್ದಲ್ಲ, 6ರದ್ದು. ಹತ್ತನ್ನು 6ರಿಂದ ಭಾಗಿಸಿ ಉಳಿದ 4ನ್ನು ಘಾತವಾಗಿಟ್ಟರೆ 16, ಶೇಷ 2, ಸರಿಯಾಗುತ್ತದೆ.

#15 ಕೋಷ್ಟಕಪ್ರಿಯ

ಇಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ನಾನು ಫ್ಯಾಕ್ಟೋರಿಯಲ್ ಮತ್ತು ವಿಲೋಮ ಫ್ಯಾಕ್ಟೋರಿಯಲ್‌ಗಳ ಕೋಷ್ಟಕಗಳನ್ನು ಒಂದು ಕೋಟಿಯವರೆಗೆ ಮೊದಲೇ ಸಿದ್ಧಪಡಿಸಿ ಇಟ್ಟುಕೊಂಡಿದ್ದೇನೆ. ಪ್ರತಿ ಸಂಖ್ಯೆಗೆ ನಾಲ್ಕು ಬೈಟ್‌ನಂತೆ ಎರಡೂ ಸೇರಿ ಎಂಟು ಕೋಟಿ ಬೈಟ್‌ಗಳಾಗುತ್ತವೆ. ಮಾಡ್ಯುಲಸ್ 998244353, ಅದು 119ನ್ನು 2ರ 23ನೇ ಘಾತದಿಂದ ಗುಣಿಸಿ ಒಂದು ಕೂಡಿಸಿದ ಅವಿಭಾಜ್ಯ ಸಂಖ್ಯೆ. ಗುಣಾಕಾರಕ್ಕೆ 1985ರಲ್ಲಿ ಪೀಟರ್ ಮಾಂಟ್‌ಗೋಮರಿ ಪ್ರಕಟಿಸಿದ ವಿಧಾನವನ್ನು ಅಳವಡಿಸಿದ್ದೇನೆ, ಅದರಲ್ಲಿ ಪ್ರತಿ ಬಾರಿ ಭಾಗಿಸುವ ಅಗತ್ಯವೇ ಬೀಳುವುದಿಲ್ಲ. ಯಾವ ವಿಕಲ್ಪ ಕೇಳಿದರೂ ಎರಡು ಗುಣಾಕಾರಗಳಲ್ಲಿ ಉತ್ತರ ಸಿದ್ಧ.

#16 ಗುಣಲಬ್ಧ

ಕೋಷ್ಟಕದ ಮಾತನ್ನು ಆಮೇಲೆ ನೋಡೋಣ. ನಾನು ಒಂದು ಪ್ರಶ್ನೆಯನ್ನು ಮೊದಲೇ ಕೇಳಬೇಕಾಗಿತ್ತು, ಕೇಳದೆ ಉತ್ತರ ಬರೆದದ್ದು ನನ್ನ ತಪ್ಪು. ಮಾಡ್ಯುಲಸ್ 1000000007 ಎಂದು ನಾನು ಭಾವಿಸಿಕೊಂಡೆ. ಅದೇ ಆಗಿದ್ದರೆ 4ರ ವಿಲೋಮ 250000002, ಅದನ್ನು 24ರಿಂದ ಗುಣಿಸಿ ಶೇಷ ತೆಗೆದರೆ 6 ಬರಲೇಬೇಕು. ನಿಮಗೆ ಬಂದಿರುವ 680664064ನ್ನು ಒಡೆದು ನೋಡಿದೆ, ಅದು 512ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅಂದರೆ ಮಾಡ್ಯುಲಸ್‌ನೊಳಗೇ ಎರಡರ ದೊಡ್ಡ ಘಾತವೊಂದು ಅಡಗಿರುವಂತೆ ಕಾಣುತ್ತದೆ. ನಿಮ್ಮ ಎಮ್‌ನ ಬೆಲೆ ಎಷ್ಟು? ಹಾಗೆಯೇ, ಹಳೆಯ ಪ್ರೋಗ್ರಾಂನಲ್ಲಿ ಎನ್ ಇನ್ನೂ ದೊಡ್ಡದಾದಾಗ ಏನಾಗುತ್ತಿತ್ತು?

#17 ಅಂಕಿಅಲೆಮಾರಿ

ಎಮ್ ನೂರು ಕೋಟಿ, ಅಂದರೆ 10⁹. ನನಗೆ ಬೇಕಾಗಿರುವುದು ಉತ್ತರದ ಕೊನೆಯ ಒಂಬತ್ತು ಅಂಕಿಗಳು. ಇದು ಮುಖ್ಯವೆಂದು ನನಗೆ ಅನ್ನಿಸಿರಲಿಲ್ಲ, ಯಾವ ಮಾಡ್ಯುಲಸ್ ಆದರೂ ನಿಯಮ ಒಂದೇ ಎಂದುಕೊಂಡಿದ್ದೆ.

ಹಳೆಯ ಪ್ರೋಗ್ರಾಂನಲ್ಲಿ ಎನ್ 40 ಮುಟ್ಟಿದೊಡನೆ ಉತ್ತರ ಸೊನ್ನೆಯಾಗುತ್ತಿತ್ತು. ಸಿ(40, 20)ರ ನಿಜವಾದ ಬೆಲೆ 137846528820, ಅದಕ್ಕೂ ಸೊನ್ನೆಯೇ. ಸಿ(45, 3)ರಂಥವನ್ನು ಕೇಳಿದರೆ ಸೊನ್ನೆಯಿಂದ ಭಾಗಿಸಲಾಗಿದೆ ಎಂಬ ಸಂದೇಶ ತೋರಿಸಿ ಪ್ರೋಗ್ರಾಂ ನಿಂತುಬಿಡುತ್ತಿತ್ತು.

#18 ಗುಣಲಬ್ಧ

ಈ ವಿಷಯ ಮೊದಲ ಬರಹದಲ್ಲಿ ಇದ್ದಿದ್ದರೆ ನಾವೆಲ್ಲರೂ ಇಷ್ಟು ದೂರ ಅಲೆಯುತ್ತಿರಲಿಲ್ಲ. 40 ಫ್ಯಾಕ್ಟೋರಿಯಲ್‌ನಲ್ಲಿ ಐದರ ಎಷ್ಟು ಘಾತವಿದೆ ಎಂದು ಎಣಿಸಿ: 5ರ ಅಪವರ್ತ್ಯಗಳು ಎಂಟು, 25ರಿಂದ ಹೆಚ್ಚುವರಿಯಾಗಿ ಇನ್ನೊಂದು, ಒಟ್ಟು ಒಂಬತ್ತು. ಎರಡುಗಳಂತೂ 38 ಇವೆ. ಆದ್ದರಿಂದ 40! ಕೊನೆಗೆ ಒಂಬತ್ತು ಸೊನ್ನೆಗಳಿವೆ, 10⁹ರಲ್ಲಿ ಅದರ ಶೇಷ ಸೊನ್ನೆ. 39!ದಲ್ಲಿ ಐದುಗಳು ಎಂಟೇ ಆದ್ದರಿಂದ ಅಲ್ಲಿಯವರೆಗೆ ಏನೋ ಒಂದು ಉಳಿದಿರುತ್ತದೆ. ಸಿ(45, 3)ಕ್ಕೆ ಛೇದದಲ್ಲಿ 42! ಬರುತ್ತದೆ, ಅದೂ ಸೊನ್ನೆಯೇ, ಆದ್ದರಿಂದಲೇ ಪ್ರೋಗ್ರಾಂ ನಿಂತಿದೆ. ಮಾಡ್ಯುಲಸ್ ಅವಿಭಾಜ್ಯವಾಗಿದ್ದು ಎನ್‌ಗಿಂತ ದೊಡ್ಡದಾಗಿದ್ದರೆ ಫ್ಯಾಕ್ಟೋರಿಯಲ್‌ನ ಶೇಷ ಎಂದಿಗೂ ಸೊನ್ನೆಯಾಗದು. ಸೊನ್ನೆ ಕಂಡೊಡನೆ ಮಾಡ್ಯುಲಸ್ ಸಂಯುಕ್ತ ಸಂಖ್ಯೆ ಎಂದು ನಿರ್ಧರಿಸಬಹುದಾಗಿತ್ತು.

ಕೂಡುವುದಕ್ಕೆ, ಕಳೆಯುವುದಕ್ಕೆ, ಗುಣಿಸುವುದಕ್ಕೆ ಯಾವ ಮಾಡ್ಯುಲಸ್ ಆದರೂ ನಡೆಯುತ್ತದೆ ಎಂಬ ನಿಮ್ಮ ಎಣಿಕೆ ಸರಿ. ಭಾಗಾಕಾರದಲ್ಲಿ ಮಾತ್ರ ಮಾಡ್ಯುಲಸ್‌ನ ಸ್ವಭಾವ ನಿರ್ಣಾಯಕ. ಒಂದು ಸಂಖ್ಯೆಗೆ ವಿಲೋಮ ಇರಬೇಕಾದರೆ ಅದಕ್ಕೂ ಮಾಡ್ಯುಲಸ್‌ಗೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. ಕೊನೆಯ ಒಂದೇ ಅಂಕಿ ಬೇಕೆಂದುಕೊಂಡು, ಅಂದರೆ ಮಾಡ್ಯುಲಸ್ 10ರಲ್ಲಿ, ಇದನ್ನು ಪರೀಕ್ಷಿಸಿ. 2 × 3 = 6, 2 × 8 = 16, ಎರಡರ ಕೊನೆಯ ಅಂಕಿಯೂ 6. ಹಾಗಾದರೆ ಕೊನೆಯ ಅಂಕಿ 6 ಇರುವ ಸಂಖ್ಯೆಯನ್ನು 2ರಿಂದ ಭಾಗಿಸಿದಾಗ ಕೊನೆಯ ಅಂಕಿ 3 ಎನ್ನಬೇಕೋ 8 ಎನ್ನಬೇಕೋ? ಕೊನೆಯ ಅಂಕಿಯೊಂದನ್ನೇ ಉಳಿಸಿಕೊಂಡವರಿಗೆ ಇದನ್ನು ನಿರ್ಧರಿಸುವ ದಾರಿಯೇ ಇಲ್ಲ, ಏಕೆಂದರೆ ಬೇಕಾದ ಮಾಹಿತಿ ಶೇಷ ತೆಗೆಯುವಾಗಲೇ ಹೋಗಿಬಿಟ್ಟಿದೆ. ಸಿ(6, 2) = 15, ಕೊನೆಯ ಅಂಕಿ 5. ಆದರೆ 6! = 720ರ ಕೊನೆಯ ಅಂಕಿ ಸೊನ್ನೆ. ಆ ಸೊನ್ನೆಯನ್ನು ಏನರಿಂದ ಗುಣಿಸಿದರೂ 5 ಹುಟ್ಟುವುದಿಲ್ಲ.

10⁹ = 2⁹ × 5⁹. ಆದ್ದರಿಂದ ನಿಮ್ಮ ಮಾಡ್ಯುಲಸ್‌ನಲ್ಲಿ ಸಮಸಂಖ್ಯೆಗಳಿಗೂ ಐದರ ಅಪವರ್ತ್ಯಗಳಿಗೂ ವಿಲೋಮವಿಲ್ಲ, 2! ಮೊದಲ್ಗೊಂಡು ಮುಂದಿನ ಫ್ಯಾಕ್ಟೋರಿಯಲ್‌ಗಳೆಲ್ಲವೂ ಸಮಸಂಖ್ಯೆಗಳು. ಫರ್ಮಾನ ಪ್ರಮೇಯವೂ ಅವಿಭಾಜ್ಯ ಮಾಡ್ಯುಲಸ್‌ಗೆ ಮಾತ್ರ ಅನ್ವಯಿಸುತ್ತದೆ. ನಾನು ಹೇಳಿದ (ಎಮ್ − 2)ರ ಘಾತದಿಂದ ನಿಮಗೆ ಒಂದು ಸಂಖ್ಯೆ ದೊರೆಯಿತು, ಆದರೆ ಅದು ವಿಲೋಮವಲ್ಲ.

#19 ಬಿಟ್‌ಬೈಟ್

ಸಿ(13, 6)ರ ಲೆಕ್ಕವನ್ನು ನಾನೂ ಮಾಡಿ ನೋಡಿದೆ, 532 ಬರಬೇಕಾಗಿತ್ತು ಎಂಬುದು ನಿಜ. ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಓವರ್‌ಫ್ಲೋ ಎಚ್ಚರಿಕೆ ಇಲ್ಲಿ ಅನಗತ್ಯವಲ್ಲ ಎಂದೇ ನನ್ನ ನಂಬಿಕೆ: ಎರಡು ಶೇಷಗಳ ಗುಣಲಬ್ಧ 10¹⁸ರ ಹತ್ತಿರ ಬರುತ್ತದೆ, ಚಿಹ್ನೆಸಹಿತ 64 ಬಿಟ್‌ನ ಗರಿಷ್ಠ ಬೆಲೆ ಸುಮಾರು 9.22 × 10¹⁸. ಎರಡನ್ನು ಗುಣಿಸಿ ಕೂಡಲೇ ಶೇಷ ತೆಗೆದರೆ ತೊಂದರೆಯಿಲ್ಲ, ಮೂರನ್ನು ಒಟ್ಟಿಗೆ ಗುಣಿಸಿದರೆ ಮಿತಿ ಮೀರುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳಲ್ಲಂತೂ 2⁵³, ಅಂದರೆ 9007199254740992ರ ಆಚೆಗೆ ಎಲ್ಲ ಪೂರ್ಣಾಂಕಗಳೂ ನಿಖರವಾಗಿ ಉಳಿಯುವುದಿಲ್ಲ, ಎರಡನ್ನು ಗುಣಿಸಿದರೂ ಅಪಾಯ.

#20 ಕುಟ್ಟಕಾಸಕ್ತ

ಪರಿಹಾರವನ್ನು ನಾನು ಬರೆಯುತ್ತೇನೆ. ಅಂಕಿಅಲೆಮಾರಿಯವರು ಎನ್‌ನ ಮಿತಿಯನ್ನೂ ಹೇಳಿಲ್ಲ, ಆದ್ದರಿಂದ ಎರಡು ದಾರಿಗಳನ್ನೂ ಹೇಳಬೇಕಾಗಿದೆ.

ಎನ್ ಕೆಲವು ಸಾವಿರಗಳನ್ನು ಮೀರದಿದ್ದರೆ ಭಾಗಾಕಾರವನ್ನೇ ಕೈಬಿಡಿ. ಪ್ಯಾಸ್ಕಲ್ ತ್ರಿಭುಜದಲ್ಲಿ ಪ್ರತಿ ಬೆಲೆಯೂ ಮೇಲಿನ ಸಾಲಿನ ಎರಡು ಬೆಲೆಗಳ ಮೊತ್ತ, ಅಲ್ಲಿ ಸಂಕಲನ ಬಿಟ್ಟರೆ ಬೇರೆ ಕ್ರಿಯೆಯಿಲ್ಲ, ಸಂಕಲನಕ್ಕೆ ಯಾವ ಮಾಡ್ಯುಲಸ್ ಆದರೂ ಅಡ್ಡಿಯಿಲ್ಲ. ಎನ್ 5000 ಇದ್ದರೂ ಸುಮಾರು 1.25 ಕೋಟಿ ಸಂಕಲನಗಳಲ್ಲಿ ಮುಗಿಯುತ್ತದೆ, ಒಂದೇ ಸಾಲನ್ನು ಬಲದಿಂದ ಎಡಕ್ಕೆ ತಿದ್ದುತ್ತ ಹೋದರೆ ನೆನಪಿನ ಜಾಗವೂ ಹೆಚ್ಚು ಬೇಡ.

ಎನ್ ಲಕ್ಷಗಳಲ್ಲಿದ್ದರೆ, ತೊಂದರೆ ಕೊಡುತ್ತಿರುವ ಎರಡು ಮತ್ತು ಐದುಗಳನ್ನು ಮೊದಲೇ ಬೇರ್ಪಡಿಸಿ. 1ರಿಂದ ಎನ್‌ವರೆಗಿನ ಪ್ರತಿ ಸಂಖ್ಯೆಯಿಂದಲೂ 2 ಮತ್ತು 5ರ ಘಾತಗಳನ್ನು ಕಿತ್ತು, ಎಷ್ಟು ಕಿತ್ತೆವೆಂಬ ಎಣಿಕೆಯನ್ನು ಬೇರೆಯಾಗಿಟ್ಟು, ಉಳಿದ ಭಾಗಗಳನ್ನು ಮಾತ್ರ ಗುಣಿಸುತ್ತ ಹೋಗಿ. ಈ ಉಳಿದ ಭಾಗ 10⁹ರೊಂದಿಗೆ ಸಹ-ಅವಿಭಾಜ್ಯವಾಗಿರುವುದರಿಂದ (1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದಿರುವುದರಿಂದ) ಅದಕ್ಕೆ ವಿಲೋಮ ಇದ್ದೇ ಇದೆ. ಎಣಿಕೆಗಳನ್ನು ಮಾಮೂಲಿ ವ್ಯವಕಲನದಿಂದ ಕಳೆದು, ಉಳಿದಷ್ಟು 2 ಮತ್ತು 5ಗಳನ್ನು ಕೊನೆಯಲ್ಲಿ ಮರಳಿ ಗುಣಿಸಿದರೆ ಮುಗಿಯಿತು. ಸಿ(13, 6)ರಲ್ಲಿ ನೋಡಿ: 13!ದಲ್ಲಿ ಎರಡುಗಳು 10, ಐದುಗಳು 2. 6! ಮತ್ತು 7!ಗಳಲ್ಲಿ ತಲಾ ಎರಡುಗಳು 4, ಐದು 1. ಕಳೆದರೆ ಎರಡುಗಳು ಎರಡು ಉಳಿಯುತ್ತವೆ, ಐದುಗಳು ಉಳಿಯುವುದಿಲ್ಲ. ಸಹ-ಅವಿಭಾಜ್ಯ ಭಾಗದ ಲೆಕ್ಕದಿಂದ 429 ಬರುತ್ತದೆ, ಅದನ್ನು 4ರಿಂದ ಗುಣಿಸಿದರೆ 1716.

ವಿಲೋಮಕ್ಕಾಗಿ ಎರಡು ವಿಧಾನಗಳಿವೆ. ಫರ್ಮಾನ ಪ್ರಮೇಯವನ್ನು ಸಂಯುಕ್ತ ಮಾಡ್ಯುಲಸ್‌ಗೆ ವಿಸ್ತರಿಸಿದವನು ಆಯ್ಲರ್. 10⁹ಕ್ಕಿಂತ ಚಿಕ್ಕದಾಗಿ ಅದರೊಂದಿಗೆ ಸಹ-ಅವಿಭಾಜ್ಯವಾದ ಸಂಖ್ಯೆಗಳು 40 ಕೋಟಿ ಇವೆ, ಆದ್ದರಿಂದ ಘಾತಸೂಚಿಯಾಗಿ 399999999 ಬಳಸಬೇಕು. ನನಗೆ ಹೆಚ್ಚು ಪ್ರಿಯವಾದ ವಿಧಾನ ಕುಟ್ಟಕ. ಕ್ರಿ.ಶ. 499ರ ಆರ್ಯಭಟೀಯದಲ್ಲಿಯೇ ಇದರ ಸೂತ್ರವಿದೆ. ಭಾಜಕ ಭಾಜ್ಯಗಳನ್ನು ಒಂದರಿಂದ ಒಂದನ್ನು ಭಾಗಿಸುತ್ತ, ಶೇಷಗಳನ್ನು ಕುಟ್ಟಿ ಚಿಕ್ಕದಾಗಿಸುತ್ತ, ಕೊನೆಗೆ ಭಾಗಲಬ್ಧಗಳ ಮೂಲಕ ಹಿಂದಕ್ಕೆ ನಡೆದು ಉತ್ತರ ಪಡೆಯುವ ಕ್ರಮವದು, ಇಂದು ಇದನ್ನೇ ವಿಸ್ತೃತ ಯೂಕ್ಲಿಡ್ ಕ್ರಮವಿಧಿ ಎನ್ನುತ್ತಾರೆ. ಇದಕ್ಕೆ ಮಾಡ್ಯುಲಸ್ ಅವಿಭಾಜ್ಯವಾಗಿರಬೇಕಿಲ್ಲ, ವಿಲೋಮ ಇಲ್ಲದಿದ್ದರೆ ಮಹತ್ತಮ ಸಾಮಾನ್ಯ ಅಪವರ್ತನ 1 ಆಗಿಲ್ಲ ಎಂಬುದನ್ನೂ ಇದೇ ತೋರಿಸಿಕೊಡುತ್ತದೆ. 10⁹ರಲ್ಲಿ 3ರ ವಿಲೋಮ 666666667, 7ರದ್ದು 142857143. ಗುಣಿಸಿ ನೋಡಿದರೆ 2000000001 ಮತ್ತು 1000000001 ಬರುತ್ತವೆ. 12ನ್ನು 3ರಿಂದ ಭಾಗಿಸಲು 12 × 666666667 ಮಾಡಿ: 8000000004. ಕೊನೆಯ ಒಂಬತ್ತು ಅಂಕಿಗಳಲ್ಲಿ ಉಳಿಯುವುದು 4.

ಒಂದು ಎಚ್ಚರಿಕೆ: ಕುಟ್ಟಕದ ಹಿಂದಿನ ನಡಿಗೆಯಲ್ಲಿ ಋಣಸಂಖ್ಯೆಗಳು ಬರುತ್ತವೆ. ರಾತ್ರಿಪಾಳಿಯವರು ಹೇಳಿದಂತೆ ಮಾಡ್ಯುಲಸ್ ಕೂಡಿಸಿ ಇನ್ನೊಮ್ಮೆ ಶೇಷ ತೆಗೆಯುವುದು ಇಲ್ಲಿ ನಿಜವಾಗಿಯೂ ಬೇಕಾಗುತ್ತದೆ.

#21 ಕೋಷ್ಟಕಪ್ರಿಯ

ಮಾಂಟ್‌ಗೋಮರಿ ಗುಣಾಕಾರವನ್ನು ಇದಕ್ಕೂ ಅಳವಡಿಸಿದರೆ ವೇಗ ಇನ್ನೂ ಹೆಚ್ಚುತ್ತದೆ. ನನ್ನ ಕೋಡ್ ಕಳುಹಿಸಲೇ?

#22 ಹಳೆಕಂಪೈಲರ್

ಇಲ್ಲಿ ಅದು ಸಲ್ಲುವುದಿಲ್ಲ. ಆ ವಿಧಾನ ಎರಡರ ಘಾತವೊಂದಕ್ಕೆ ಮಾಡ್ಯುಲಸ್‌ನಲ್ಲಿ ವಿಲೋಮವಿದೆ ಎಂಬ ಆಧಾರದ ಮೇಲೆ ನಿಂತಿದೆ, ಆದ್ದರಿಂದ ಮಾಡ್ಯುಲಸ್ ಬೆಸಸಂಖ್ಯೆಯಾಗಿರಬೇಕು. 10⁹ ಸಮಸಂಖ್ಯೆ. ಫ್ಯಾಕ್ಟೋರಿಯಲ್‌ಗೆ ಬಂದ ಅಡ್ಡಿಯೇ ಇದಕ್ಕೂ ಬರುತ್ತದೆ.

#23 ಅಂಕಿಅಲೆಮಾರಿ

ಎರಡು ಮತ್ತು ಐದುಗಳನ್ನು ಬೇರ್ಪಡಿಸುವ ವಿಧಾನವನ್ನು ಬರೆದು ಮುಗಿಸಿದೆ. ಸಿ(4, 2) 6, ಸಿ(13, 6) 1716, ಸಿ(45, 3) 14190, ಸಿ(40, 20)ಕ್ಕೆ 846528820. ನಾಲ್ಕೂ ಸರಿ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು, ನಡುವೆ ಬಿರುಸಾಗಿ ಬರೆದಿದ್ದರೆ ಕ್ಷಮಿಸಿ.

ಎನ್‌ನ ಮಿತಿ ಹತ್ತು ಲಕ್ಷ, ಅದನ್ನೂ ಮೊದಲೇ ಹೇಳಬೇಕಾಗಿತ್ತು. ಹತ್ತು ಲಕ್ಷ ಫ್ಯಾಕ್ಟೋರಿಯಲ್‌ಗಳಿಗೂ ಒಂದೊಂದಾಗಿ ವಿಲೋಮ ಕಂಡುಹಿಡಿಯುವುದರಿಂದ ಕೋಷ್ಟಕ ಸಿದ್ಧವಾಗಲು ಹೆಚ್ಚು ಸಮಯ ಹಿಡಿಯುತ್ತಿದೆ. ಇನ್ನೊಂದು ಚಿಂತೆಯೂ ಇದೆ: ಸಿ(1000000, 500000)ರಂಥ ದೊಡ್ಡ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಹೇಗೆ?

#24 ಗುಣಲಬ್ಧ

ಅತಿ ದೊಡ್ಡದಾದ ಒಂದಕ್ಕೆ ಮಾತ್ರ ಕುಟ್ಟಕದಿಂದ ವಿಲೋಮ ಪಡೆಯಿರಿ. ಆ ವಿಲೋಮವನ್ನು ಹತ್ತು ಲಕ್ಷದ ಸಹ-ಅವಿಭಾಜ್ಯ ಭಾಗದಿಂದ ಗುಣಿಸಿದರೆ ಅದರ ಹಿಂದಿನದರ ವಿಲೋಮ ಸಿಗುತ್ತದೆ, ಹೀಗೆಯೇ ಕೆಳಗಿಳಿಯುತ್ತ ಬನ್ನಿ. ಪ್ರತಿ ಮೆಟ್ಟಿಲಿಗೆ ಒಂದೇ ಗುಣಾಕಾರ ಸಾಕು. ಕೋಷ್ಟಕಪ್ರಿಯ ಅವರ ವಿಲೋಮ ಕೋಷ್ಟಕವೂ ಬಹುಶಃ ಹೀಗೆಯೇ ತಯಾರಾಗಿರುತ್ತದೆ.

ಪರೀಕ್ಷೆಗೆ 1852ರಲ್ಲಿ ಕುಮ್ಮರ್ ಕಂಡುಕೊಂಡ ನಿಯಮವನ್ನು ಬಳಸಿ. ಸಿ(ಎನ್, ಕೆ)ಯಲ್ಲಿ ಒಂದು ಅವಿಭಾಜ್ಯ ಸಂಖ್ಯೆಯ ಎಷ್ಟನೇ ಘಾತವಿದೆ ಎಂಬುದು, ಆ ಸಂಖ್ಯೆಯನ್ನೇ ಆಧಾರವಾಗಿಟ್ಟು ಕೆ ಮತ್ತು ಎನ್ − ಕೆಗಳನ್ನು ಕೂಡಿಸುವಾಗ ಎಷ್ಟು ಬಾರಿ ದಶಕ ಹೋಗುತ್ತದೆಯೋ ಅಷ್ಟು. 500000ವನ್ನು ದ್ವಿಮಾನದಲ್ಲಿ ಬರೆದರೆ ಏಳು ಒಂದುಗಳಿವೆ, ಅದಕ್ಕೆ ಅದನ್ನೇ ಕೂಡಿಸಿದಾಗ ಏಳು ಬಾರಿ ದಶಕ ಹೋಗುತ್ತದೆ. ಐದನ್ನು ಆಧಾರವಾಗಿಟ್ಟರೆ ಅದು 112000000, ಕೂಡಿಸಿದಾಗ ಒಮ್ಮೆಯೂ ದಶಕ ಹೋಗುವುದಿಲ್ಲ. ಆದ್ದರಿಂದ ನಿಮ್ಮ ಉತ್ತರ 128ರಿಂದ ಭಾಗವಾಗಬೇಕು, 256ರಿಂದ ಆಗಬಾರದು, ಕೊನೆಯ ಅಂಕಿ ಸೊನ್ನೆಯಾಗಿರಬಾರದು. ಈ ಪರೀಕ್ಷೆಯನ್ನು ನಿಮ್ಮ ಎಣಿಕೆಗಳಿಂದ ಬೇರೆಯಾಗಿ, ಕೊನೆಯ ಉತ್ತರದ ಮೇಲೆಯೇ ನಡೆಸಿ.

#25 ಅಂಕಿಅಲೆಮಾರಿ

ಮೇಲಿನಿಂದ ಕೆಳಗಿಳಿಯುವ ಕ್ರಮದಲ್ಲಿ ಕೋಷ್ಟಕ ಈಗ ಕಾಯಿಸದೆ ಸಿದ್ಧವಾಗುತ್ತದೆ. ಸಿ(1000000, 500000)ಕ್ಕೆ ಬಂದ ಉತ್ತರ 128ರಿಂದ ಭಾಗವಾಯಿತು, 256ರಿಂದ ಆಗಲಿಲ್ಲ, ಕೊನೆಯ ಅಂಕಿಯೂ ಸೊನ್ನೆಯಲ್ಲ. ಮೊದಲ ಬರಹದಲ್ಲಿ ಮಾಡ್ಯುಲಸ್ ಮತ್ತು ಎನ್‌ನ ಮಿತಿಯನ್ನು ಸೇರಿಸಿ ತಿದ್ದುತ್ತಿದ್ದೇನೆ, ಇದೇ ತೊಂದರೆಯಿಂದ ಇಲ್ಲಿಗೆ ಬರುವವರಿಗೆ ಅವು ಮೊದಲೇ ಕಾಣಲಿ.